ಗುತ್ತಿಯಲ್ಲಿ ಸಿಕ್ಕ ಜೇಡ ಗುತ್ತಿಯದಲ್ಲ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ರೆಜಿನಾಲ್ಡ್ ಇನ್ನೆಸ್ ಪೋಕಾಕ್ 1899ರಲ್ಲಿ ಭಾರತದ ಒಂದು ದೊಡ್ಡ ಜೇಡವನ್ನು ವಿಜ್ಞಾನಕ್ಕೆ ಹೊಸದೆಂದು ವಿವರಿಸಿ, ಪೊಯಿಸಿಲೊಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟರು. ಅದು ಸಿಕ್ಕಿದ್ದು ಗುತ್ತಿಯಲ್ಲಿ. ಬಳ್ಳಾರಿಯ ಪೂರ್ವಕ್ಕೆ, ಅನಂತಪುರ ಜಿಲ್ಲೆಯಲ್ಲಿರುವ ಈ ಕೋಟೆಯೂರು ಮುರಾರಿರಾಯ ಘೋರ್ಪಡೆ ಮತ್ತು ಹೈದರಾಲಿಯ ಕಾಲದ ಇತಿಹಾಸ ಓದಿದವರಿಗೆ ಹೊಸದಲ್ಲ. ಆಮೇಲೆ 102 ವರ್ಷ ಆ ಜೇಡದ ಸುದ್ದಿಯೇ ಇಲ್ಲ. ಇಷ್ಟು ಕಾಲ ಕಣ್ಣಿಗೆ ಬೀಳದ ಜೀವಿಯನ್ನು ಅಪರೂಪದ್ದೆಂದೋ ಅಳಿದುಹೋಯಿತೆಂದೋ ತಿಳಿಯುವುದು ಸಹಜ. ಆದರೆ ಕಾರಣ ಬೇರೆಯೇ ಇತ್ತು. ಆ ಜೇಡ ಸಿಕ್ಕಿದ್ದು ಗುತ್ತಿಯ ಬೆಟ್ಟದಲ್ಲೂ ಅಲ್ಲ, ಕಾಡಿನಲ್ಲೂ ಅಲ್ಲ. ರೈಲ್ವೆಯವರು ಮರ ಪೇರಿಸಿಡುತ್ತಿದ್ದ ಡಿಪೋದಲ್ಲಿ. ನಮ್ಮ ಜೇಡಗಳ ಹಳೆಯ ದಾಖಲೆಗಳನ್ನು ಜೇಡಗಳ ನೆಲೆಯ ನಕ್ಷೆಯೆಂದು ಓದುವ ಮುಂಚೆ, ಮನುಷ್ಯರು ಎಲ್ಲಿ ಓಡಾಡಿದರು, ಏನನ್ನು ಸಾಗಿಸಿದರು, ಯಾವುದರ ಮೇಲೆ ಕಣ್ಣಿಟ್ಟರು ಎಂಬುದರ ಇತಿಹಾಸವಾಗಿ ಓದಬೇಕು. ಹಾಗೆ ಓದದಿದ್ದರೆ ಯಾವುದು ನಿಜಕ್ಕೂ ವಿರಳ, ಯಾವುದನ್ನು ನಾವು ಹುಡುಕಿಯೇ ಇಲ್ಲ ಎಂಬ ವ್ಯತ್ಯಾಸ ತಿಳಿಯುವುದಿಲ್ಲ.

ಮದ್ರಾಸು ಮತ್ತು ಮುಂಬಯಿಯನ್ನು ಜೋಡಿಸುವ ರೈಲುಮಾರ್ಗ ಗುತ್ತಿಯ ಮೇಲೆ ಹಾದುಹೋಗುತ್ತದೆ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ರೈಲ್ವೆಯಷ್ಟು ಮರ ನುಂಗಿದ ಉದ್ಯಮ ಇನ್ನೊಂದಿರಲಿಲ್ಲ. ಹಳಿಯ ಕೆಳಗಿನ ಸ್ಲೀಪರ್‌ಗೆ ಮರ, ಸೇತುವೆಗೆ ಮರ, ಎಷ್ಟೋ ಕಡೆ ಎಂಜಿನ್ನಿನ ಒಲೆಗೂ ಮರ. ದಿಮ್ಮಿಗಳು ಕಾಡಿನಿಂದ ಡಿಪೋಗೆ, ಒಂದು ಡಿಪೋದಿಂದ ಇನ್ನೊಂದಕ್ಕೆ ಹೋಗುತ್ತಲೇ ಇದ್ದವು. ಈ ಜಾತಿಯ ಜೇಡ ನೆಲದ ಮೇಲೆ ಬಾಳುವುದಲ್ಲ. ಹಳೆಯ ಎತ್ತರದ ಮರದ ಪೊಟರೆಯೇ ಅದರ ಮನೆ. ಪೊಟರೆಯ ಬಾಯಿಗೆ ನೂಲು ಹೊದಿಸಿಕೊಂಡು ಹಗಲೆಲ್ಲ ಒಳಗೇ ಉಳಿಯುತ್ತದೆ. ಮರ ಕಡಿದು ದಿಮ್ಮಿ ಸಾಗಿಸಿದವರು ಜೇಡವನ್ನೂ ಅದರ ಮನೆ ಸಮೇತ ಸಾಗಿಸಿರಬೇಕು ಎಂದು ಇಂದಿನ ಅಧ್ಯಯನಕಾರರು ಊಹಿಸುವುದು ಈ ಕಾರಣಕ್ಕೆ. 2001ರಲ್ಲಿ ಅದು ಮತ್ತೆ ಕಂಡದ್ದು ಗುತ್ತಿಯಿಂದ ಬಹುದೂರ ಪೂರ್ವಕ್ಕೆ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಎಲೆಯುದುರುವ ಕಾಡಿನಲ್ಲಿ. ಶ್ರೀಶೈಲಕ್ಕೆ ಹೋಗುವ ಕನ್ನಡದ ಯಾತ್ರಿಕರಿಗೆ ತಲೆತಲಾಂತರದಿಂದ ಪರಿಚಿತವಾದ ನಲ್ಲಮಲದ ಸೀಮೆ ಅದು. ಜೀವಂತ ಜೇಡದ ಕಾಲುಗಳು ನವಿಲುಗೊರಳಿನಂಥ ಕಡುನೀಲಿ. ಆ ನೀಲಿ ಬಣ್ಣದ ಪುಡಿಯಿಂದ ಬಂದದ್ದಲ್ಲ. ರೋಮಗಳೊಳಗಿನ ಅತಿಸೂಕ್ಷ್ಮ ಪದರಗಳ ಮೇಲೆ ಬಿದ್ದ ಬೆಳಕು ಹಾಗೆ ಹಿಂತಿರುಗುತ್ತದೆ. ಇಷ್ಟು ಎದ್ದುಕಾಣುವ ಜೀವಿಯೇ ಒಂದು ಶತಮಾನ ತಪ್ಪಿಸಿಕೊಂಡಿತ್ತೆಂದರೆ, ಸಾಸಿವೆ ಗಾತ್ರದ ಕಂದು ಜೇಡಗಳ ಪಾಡೇನು?

ಕಾರವಾರದ ಕಡೆ ನೋಡಿದರೆ ಇದೇ ಮಾತಿಗೆ ಇನ್ನೊಂದು ಬಗೆಯ ಸಾಕ್ಷ್ಯ ಸಿಗುತ್ತದೆ. ಪೋಕಾಕ್ ಅದೇ 1899ರಲ್ಲಿ ಉತ್ತರ ಕನ್ನಡದಿಂದ ಬಂದ ಬಿಲವಾಸಿ ದೊಡ್ಡ ಜೇಡಗಳನ್ನೂ ವಿವರಿಸಿದರು. ಅವುಗಳಲ್ಲಿ ತ್ರಿಗ್ಮೊಪೀಯಸ್ ಟ್ರುಕುಲೆಂಟಸ್ ಎಂಬುದನ್ನು ಈಗಲೂ ಕಾರವಾರದ ಹೆಸರಿನಿಂದಲೇ ಗುರುತಿಸುತ್ತಾರೆ. ಮುಂದಿನ ವರ್ಷ ಬಂದ ಅವರ ‘ಫೌನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯ ಸಂಪುಟ ಭಾರತದ ಜೇಡ, ಚೇಳುಗಳ ಅಧ್ಯಯನಕ್ಕೆ ಬುನಾದಿಯಾಯಿತು. ಅಂಥ ದಾಖಲೆಗಳಲ್ಲಿ ಈ ಜಿಲ್ಲೆಗೆ ಜಾಗ ಸಿಕ್ಕಿದ್ದು ಇಲ್ಲಿನ ಕಾಡಿನ ಸಮೃದ್ಧಿಯಿಂದ ಮಾತ್ರವೇ? ಆ ಕಾಲದಲ್ಲಿ ಇಲ್ಲಿ ಯಾರಿದ್ದರೆಂದು ನೋಡಬೇಕು. 1862ರಿಂದ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 1883ರಲ್ಲಿ ಮುಂಬಯಿಯಲ್ಲಿ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹುಟ್ಟಿತು. ಅದರ ಸ್ಥಾಪಕರಲ್ಲೊಬ್ಬರಾದ ಇ. ಎಚ್. ಏಟ್ಕನ್ ನೌಕರಿಯ ಮೇಲೆ ಕಾರವಾರದಲ್ಲಿದ್ದರು. ಚಿಟ್ಟೆ, ಸಸ್ಯಗಳ ಅಧ್ಯಯನಕ್ಕೆ ಹೆಸರಾದ ಟಿ. ಆರ್. ಬೆಲ್ ಇಲ್ಲಿನ ಅರಣ್ಯಾಧಿಕಾರಿ. ನಿವೃತ್ತರಾದ ಮೇಲೂ ಕಾರವಾರದಲ್ಲೇ ನೆಲೆ ನಿಂತರು. ಅದೇ ಪ್ರಾಂತ್ಯದ ಅರಣ್ಯ ಇಲಾಖೆಯ ಆರ್. ಸಿ. ರಾಟನ್ ಇರುವೆ, ಚೇಳುಗಳನ್ನು ಹುಡುಕಿ ತಜ್ಞರಿಗೆ ಕಳಿಸುತ್ತಿದ್ದವರು. ಸ್ಪಿರಿಟ್ ತುಂಬಿದ ಸೀಸೆ, ಟಪಾಲು, ಹಡಗು, ಆ ಕಡೆ ಕಾದು ಕುಳಿತ ತಜ್ಞ: ಇಷ್ಟೂ ಕೂಡಿಬಂದ ಕಡೆ ಪಟ್ಟಿ ಉದ್ದವಾಯಿತು, ಕೂಡದ ಕಡೆ ಖಾಲಿ ಉಳಿಯಿತು. ಕಾರವಾರದ ಈ ಬಿಲವಾಸಿಯ ಹಳೆಯ ವಿವರಣೆಯನ್ನು ಪರಿಷ್ಕರಿಸಿ, ಅದರ ವ್ಯಾಪ್ತಿ ಮತ್ತು ಸ್ಥಿತಿಗತಿಯನ್ನು ಭಾರತದ ಸಂಶೋಧಕರು ಪ್ರಕಟಿಸಿದ್ದು 2009ರಲ್ಲಿ, ಅಂದರೆ 110 ವರ್ಷಗಳ ಮೇಲೆ. ಅದು ಪಶ್ಚಿಮ ಘಟ್ಟಕ್ಕೆ ಸೀಮಿತವಾದ ಜೀವಿ ನಿಜ, ಆದರೆ ಕಾರವಾರವೊಂದಕ್ಕೇ ಕಟ್ಟುಬಿದ್ದದ್ದಲ್ಲ.

ಕಾನುಗಳ ಕಥೆ ಇನ್ನೂ ಹೆಚ್ಚು ಹೇಳುತ್ತದೆ. ಸೊರಬ, ಸಾಗರ, ಸಿದ್ದಾಪುರ, ಶಿರಸಿ ಸೀಮೆಯ ಈ ನಿತ್ಯಹರಿದ್ವರ್ಣ ಕಾಡಿನ ತುಣುಕುಗಳನ್ನು ಊರಿನವರು ದೇವರ ಭಯದಿಂದಲೂ ನೀರಿನ ಆಸೆಯಿಂದಲೂ ಉಳಿಸಿಕೊಂಡು ಬಂದರು. ಒಳಗೆ ಕಾಳುಮೆಣಸಿನ ಬಳ್ಳಿ, ಬಗನಿ ಮರ, ಸದಾ ತೇವದ ಕರಿಮಣ್ಣು. ಇವು ಸರ್ಕಾರದ ಕಣ್ಣಿಗೆ ಬೀಳದ ಕಾಡುಗಳೇನಲ್ಲ. 1801ರಲ್ಲಿ ಫ್ರಾನ್ಸಿಸ್ ಬುಕನನ್ ಈ ಸೀಮೆಯಲ್ಲಿ ತಿರುಗಿ ಮೆಣಸಿನ ಬೆಳೆಯ ವಿವರ ಬರೆದುಕೊಂಡರು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬದ ಕಾನುಗಳ ಮೇಲೆಯೇ ಒಂದು ವರದಿ ಕೊಟ್ಟರು. ಕಂದಾಯ, ಮೆಣಸು, ನಾಟಾ ಎಲ್ಲವೂ ಲೆಕ್ಕಕ್ಕೆ ಬಂದವು, ಜೇಡ ಬರಲಿಲ್ಲ. ಮಧ್ಯ ಘಟ್ಟದ ಕಾನುಕಾಡಿನಿಂದ ಎರಿಯೊವಿಕ್ಸಿಯಾ ಗ್ರಿಫಿಂಡೊರಿ ಎಂಬ ಹೊಸ ಪ್ರಭೇದ ಪ್ರಕಟವಾದದ್ದು 2016ರ ಕೊನೆಗೆ. ಬೆರಳ ಉಗುರಿಗಿಂತ ಚಿಕ್ಕದಾದ ಇದರ ಹೊಟ್ಟೆ ಹಿಂದಕ್ಕೆ ಚೂಪಾಗಿ ಬಾಗಿದ್ದು, ಒಣಗಿ ಸುರುಟಿದ ಎಲೆಯನ್ನೇ ಹೋಲುತ್ತದೆ. ಇದು ರಾತ್ರಿಯ ಬೇಟೆಗಾರ. ಹಗಲು ತರಗೆಲೆಗಳ ನಡುವೆ ಅದನ್ನು ಬೇರ್ಪಡಿಸಿ ನೋಡಲು ಪಳಗಿದ ಕಣ್ಣು ಬೇಕು. ಮೆಣಸಿನ ಲೆಕ್ಕಕ್ಕೆ ಬಂದವರು ಅದನ್ನು ಕಾಣಬೇಕಿತ್ತೆಂದು ಯಾರೂ ಹೇಳಲಾರರು. ಹಾಗೆಯೇ, ಅಲ್ಲಿಯವರೆಗೆ ದಾಖಲೆ ಇಲ್ಲದ್ದರಿಂದ ಅದು ಅಲ್ಲಿ ಇರಲಿಲ್ಲವೆಂದೂ ಹೇಳಲಾಗದು.

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಅಪರೂಪವೆಲ್ಲ ಹುಡುಕಾಟದ ಕೊರತೆಯೆಂದರೆ, ರಕ್ಷಣೆಯೇ ಬೇಡವೆನ್ನುವವರಿಗೆ ನೆಪ ಕೊಟ್ಟಂತಾಗುವುದಿಲ್ಲವೇ? ‘ಹುಡುಕಿದರೆ ಬೇರೆಡೆಯೂ ಸಿಗುತ್ತದೆ ಬಿಡಿ’ ಎಂದು ಕಾಡು ಕಡಿಯುವವರು ಹೇಳಬಹುದು. ಈ ಆತಂಕ ಸುಳ್ಳಲ್ಲ. ಆದರೆ ಗುತ್ತಿಯ ಜೇಡವೇ ಇದಕ್ಕೆ ಉತ್ತರವಾಗಿದೆ. 2001ಕ್ಕೆ ಮೊದಲಿನ ಅದರ ಅಪರೂಪ ಬರೀ ಮೌನ. ನೆಲೆ ಗೊತ್ತಾದ ಮೇಲೆ ಅದು ಹರಡಿರುವ ಪ್ರದೇಶ 100 ಚದರ ಕಿಲೋಮೀಟರಿಗಿಂತ ಕಡಿಮೆ, ಪೊಟರೆಯುಳ್ಳ ಹಳೆಯ ಮರಗಳು ಸೌದೆಗೂ ನಾಟಾಕ್ಕೂ ಹೋಗುತ್ತಿವೆ ಎಂಬುದು ತಿಳಿಯಿತು. ಆ ಆಧಾರದ ಮೇಲೆ 2008ರಲ್ಲಿ ಐಯುಸಿಎನ್ ಅದನ್ನು ತೀವ್ರ ಅಪಾಯದಲ್ಲಿರುವ ಪ್ರಭೇದವೆಂದು ಪಟ್ಟಿಗೆ ಸೇರಿಸಿತು. ಈ ಅಪರೂಪವನ್ನು ಯಾರೂ ಅಲ್ಲಗಳೆಯಲಾರರು, ಏಕೆಂದರೆ ಅದರ ಹಿಂದೆ ಹುಡುಕಾಟವಿದೆ. ಹಳೆಯ ಊರಿನ ಹೆಸರನ್ನೇ ನಂಬಿ ಗುತ್ತಿಯ ಬಂಡೆಗುಡ್ಡಕ್ಕೆ ಬೇಲಿ ಹಾಕಿದ್ದರೆ ಒಂದು ಜೇಡವೂ ಉಳಿಯುತ್ತಿರಲಿಲ್ಲ.

ಇನ್ನೊಂದು ಆಕ್ಷೇಪ, ನೆಲೆಯನ್ನು ಬಯಲಿಗಿಟ್ಟರೆ ಕಳ್ಳಸಾಗಣೆದಾರರು ಬರುತ್ತಾರೆಂಬುದು. ನೀಲಿ ಜೇಡಕ್ಕೆ ಹೊರದೇಶಗಳ ಹವ್ಯಾಸಿಗಳಲ್ಲಿ ಬಲು ಬೇಡಿಕೆಯಿದೆ. 2019ರಲ್ಲಿ ಅದರ ಇಡೀ ಕುಲವನ್ನು ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಿ ಅಂತರರಾಷ್ಟ್ರೀಯ ಮಾರಾಟಕ್ಕೆ ಕಡಿವಾಣ ಹಾಕಿದ್ದೂ ಅದಕ್ಕೇ. ಇಂಥ ಜೀವಿಗಳ ವಿಷಯದಲ್ಲಿ ಯಾವ ಮರ, ಯಾವ ಧರೆ ಎಂಬುದನ್ನು ಅರಣ್ಯ ಇಲಾಖೆ ಮತ್ತು ಸಂಗ್ರಹಾಲಯದ ಕಡತದಲ್ಲಷ್ಟೇ ಇಟ್ಟು, ಕಾಡಿನ ಬಗೆ ಮತ್ತು ತಾಲ್ಲೂಕನ್ನು ಮಾತ್ರ ಪ್ರಕಟಿಸಿದರೆ ಸಾಕು. ದಾಖಲೆಯೇ ಬೇಡವೆನ್ನುವ ಮಾತನ್ನು ಮಾತ್ರ ನಾನು ಒಪ್ಪಲಾರೆ. ದಾಖಲೆಯಿಲ್ಲದ ಕಾಡು ಕಳ್ಳನಿಂದ ತಪ್ಪಿಸಿಕೊಂಡರೂ ರಸ್ತೆ, ಗಣಿ, ಅಣೆಕಟ್ಟಿನ ಯೋಜನಾ ವರದಿಯಿಂದ ತಪ್ಪಿಸಿಕೊಳ್ಳಲಾರದು. ಆ ವರದಿಯಲ್ಲಿ ಖಾಲಿ ಜಾಗಕ್ಕೆ ಇರುವ ಅರ್ಥ ಒಂದೇ: ಇಲ್ಲಿ ಏನೂ ಇಲ್ಲ.

ಪಟ್ಟಿಗಳು ಈಗ ಬೆಳೆಯುತ್ತಿವೆ ನಿಜ. 1987ರಲ್ಲಿ ಬಿ. ಕೆ. ಟಿಕಾದರ್ ತಮ್ಮ ಕೈಪಿಡಿಯಲ್ಲಿ ಭಾರತದ 1066 ಪ್ರಭೇದಗಳನ್ನು ಪಟ್ಟಿ ಮಾಡಿದರು. 2005ರ ಪಟ್ಟಿಯಲ್ಲಿ ಅವು 1442 ಆದವು, ಆಮೇಲೂ ಏರುತ್ತಲೇ ಇವೆ. ಮೊಬೈಲ್ ಕ್ಯಾಮೆರಾ ಹಿಡಿದ ಆಸಕ್ತರು ಹಿತ್ತಲಿನಿಂದ ಕಾಡಿನವರೆಗೆ ಜೇಡಗಳ ಚಿತ್ರ ತೆಗೆಯುತ್ತಿರುವುದು ಸಂತೋಷದ ಸಂಗತಿ. ಇನ್ನು ಹಳೆಯ ಓರೆ ತಾನಾಗಿ ಸರಿಹೋಗುತ್ತದೆಂದು ಹಲವರ ನಂಬಿಕೆ. ಅಷ್ಟು ಸುಲಭವಲ್ಲ. ಎಷ್ಟೋ ಪ್ರಭೇದಗಳನ್ನು ಬೇರ್ಪಡಿಸುವುದು ಹೆಣ್ಣಿನ ಹೊಟ್ಟೆಯಡಿಯ ಜನನಾಂಗದ ಗಟ್ಟಿ ತಟ್ಟೆ, ಗಂಡಿನ ಬಾಯಿಯ ಪಕ್ಕದ ಪುಟ್ಟ ಕೈಗಳ ತುದಿಯ ಗುಬುಟು. ಸೂಕ್ಷ್ಮದರ್ಶಕದಡಿ ಮಾತ್ರ ಕಾಣುವ ಈ ಗುರುತುಗಳನ್ನು ಬೆನ್ನಿನ ಚಿತ್ರವೊಂದರಿಂದ ತಿಳಿಯಲಾಗದು. ಮೇಲಾಗಿ ಚಿತ್ರಗಳೂ ದಾರಿಯ ಬದಿ, ರೆಸಾರ್ಟಿನ ಅಂಗಳ, ಕಾಲೇಜಿನ ಆವರಣದಿಂದಲೇ ಹೆಚ್ಚಾಗಿ ಬರುತ್ತವೆ. ರೈಲು ಮತ್ತು ಅರಣ್ಯಾಧಿಕಾರಿಯ ಜಾಗದಲ್ಲಿ ಈಗ ಕಾರು ಮತ್ತು ಪ್ರವಾಸಿ ನಿಂತಿದ್ದಾರೆ. ಹಳೆಯ ಸಂಗ್ರಹಕಾರರು ಸಿಕ್ಕಿದ್ದನ್ನಷ್ಟೇ ಬರೆದರು. ಎಷ್ಟು ಮರ ನೋಡಿದೆವು, ಎಲ್ಲೆಲ್ಲಿ ಬರಿಗೈಯಲ್ಲಿ ಮರಳಿದೆವು ಎಂದು ಬರೆಯಲಿಲ್ಲ. ಇಂದು ಕಾನಿಗೆ ರಾತ್ರಿ ಟಾರ್ಚು ಹಿಡಿದು ಹೋಗುವವರು ಕಂಡ ಜೇಡದ ಜೊತೆಗೆ ಅದನ್ನೂ ಬರೆದಿಡಬೇಕು: ಯಾವ ತಿಂಗಳು, ಎಷ್ಟು ಹೊತ್ತು, ಎಷ್ಟು ಪೊಟರೆ, ಯಾವ ಪೊಟರೆಯಲ್ಲಿ ಏನೂ ಇರಲಿಲ್ಲ.