ಬ್ರೆಜಿಲ್‌ನಲ್ಲಿ ಫ್ರಾಸ್ಟ್ ಬಿದ್ದ ರಾತ್ರಿ

ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಆಫೀಸ್ ಕ್ಯಾಬಲ್ಲಿ ಕೂತು ಓದ್ಕೋತೀವಿ ಅನ್ನೋರಿಗಾಗಿ ಈ ವಾರದ ಮಾತನ್ನ ಬರಹಕ್ಕಿಳಿಸಿದ್ದೇನೆ. ವಿಡಿಯೊದಲ್ಲಿ ಹೇಳೋಕೆ ಮರೆತ ಒಂದೆರಡು ವಿಷಯವನ್ನೂ ಸೇರಿಸಿದ್ದೇನೆ.

ನಮ್ಮೂರು ಸಕಲೇಶಪುರದ ಹತ್ತಿರ. ಮನೆಗೆ ಎಂಟು ಎಕರೆ ಕಾಫಿ ತೋಟ. ನಾನು ಚಿಕ್ಕವನಿದ್ದಾಗ ಜೂನ್-ಜುಲೈ ಬಂತು ಅಂದ್ರೆ, ಹೊರಗೆ ಮಳೆ ಧೋ ಅಂತ ಸುರೀತಿದ್ರೂ ಅಜ್ಜ ಕೇಳ್ತಿದ್ದದ್ದು ಒಂದೇ: "ಬ್ರೆಜಿಲ್‌ನಲ್ಲಿ ಫ್ರಾಸ್ಟ್ ಬಿತ್ತಂತಾ?" ಅಜ್ಜನಿಗೆ ಇಂಗ್ಲಿಷ್ ಬರ್ತಿರಲಿಲ್ಲ, ಆದ್ರೆ ಈ ಪದ ಬರ್ತಿತ್ತು. ನಮ್ಮಲ್ಲಿ ಇಬ್ಬನಿ ಇದೆ, ಮಂಜು ಇದೆ, ಹಿಮ ಇದೆ. ಗಿಡ ಸುಡುವ ಈ ಚಳಿಗೆ ಮಾತ್ರ ಮಲೆನಾಡಿನವರು ಹೆಸರು ಇಟ್ಟಿಲ್ಲ, ಯಾಕಂದ್ರೆ ಅದು ನಮಗೆ ಬರೋದಿಲ್ಲ. 1994ರಲ್ಲಿ ಬ್ರೆಜಿಲಿಗೆ ಅದು ಎರಡು ಸಲ ಬಂತು, ಜೂನ್ ಕೊನೆಯಲ್ಲೊಮ್ಮೆ, ಜುಲೈನಲ್ಲೊಮ್ಮೆ. ಕಾಫಿ ಬೋರ್ಡಿನ ಹಿಡಿತ ಸಡಿಲವಾಗಿ, ಬೆಳೆಗಾರರು ತಾವೇ ಮಾರಬಹುದು ಅನ್ನೋ ಕಾಲ ಆಗಷ್ಟೇ ಶುರುವಾಗಿತ್ತು. ರೇಟು ಏರಿದ್ದೇ ಏರಿದ್ದು. ನಮ್ಮನೆ ಸಾಲ ತೀರಿತು, ಅಣ್ಣನ ಇಂಜಿನಿಯರಿಂಗ್ ಫೀಸ್ ಕಟ್ಟಿದ್ದಾಯ್ತು. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದು ನನಗಿನ್ನೂ ನೆನಪಿದೆ.

ಆ ದೀಪ ಯಾವುದಕ್ಕೆ ಹಚ್ಚಿದ್ದು ಅಂತ ಬಹಳ ವರ್ಷ ಆದ್ಮೇಲೆ, ಪುಣೆಯ ಬಾಡಿಗೆ ಮನೆಯಲ್ಲಿ ಕೂತು ಓದ್ತಾ ಹೋದೆ. ಓದು 1994ಕ್ಕೆ ನಿಲ್ಲಲಿಲ್ಲ, ಹಿಂದೆ ಹಿಂದೆ ಹೋಗಿ 1975ಕ್ಕೆ ಬಂದು ನಿಂತಿತು.

ಬ್ರೆಜಿಲಿನ ದಕ್ಷಿಣಕ್ಕೆ ಪರಾನಾ ಅಂತ ಒಂದು ರಾಜ್ಯ. ಅದರ ಉತ್ತರ ಭಾಗದ ಕೆಂಪು ಮಣ್ಣನ್ನು ಕಾಫಿಗೆ ಹದ ಮಾಡಿದ ಕಥೆಯಲ್ಲಿ ನಮಗೆ ಗೊತ್ತಿರೋ ಒಂದು ಹೆಸರು ಸಿಗುತ್ತೆ. ಶಾಲೆಯಲ್ಲಿ ಮಾಂಟೆಗು-ಚೆಲ್ಮ್ಸ್‌ಫರ್ಡ್ ಸುಧಾರಣೆ ಅಂತ ಬಾಯಿಪಾಠ ಮಾಡಿದ್ವಲ್ಲ, ಅದೇ ಎಡ್ವಿನ್ ಮಾಂಟೆಗು. ಭಾರತದ ಮಂತ್ರಿಗಿರಿ ಹೋದ ಮೇಲೆ ಆತ ಬ್ರಿಟಿಷ್ ಹಣಕಾಸು ತಂಡವೊಂದನ್ನು ಕಟ್ಟಿಕೊಂಡು 1924ರಲ್ಲಿ ಬ್ರೆಜಿಲಿಗೆ ಹೋದ. ಆ ತಂಡದಲ್ಲಿದ್ದ ಲಾರ್ಡ್ ಲೊವಾಟ್ ಎಂಬಾತನಿಗೆ ಈ ಮಣ್ಣಿನ ಮೇಲೆ ಕಣ್ಣು ಬಿತ್ತು. ಅವನಿಗೆ ಬೇಕಿದ್ದದ್ದು ಹತ್ತಿ. ಅದು ಕೈಹಿಡಿಯಲಿಲ್ಲ. ಕೊನೆಗೆ ಕಂಪನಿ ಕಾಡು ಕಡಿಸಿ, ಭೂಮಿಯನ್ನು ಸಣ್ಣ ಸಣ್ಣ ತುಂಡು ಮಾಡಿ ವಲಸೆಗಾರರಿಗೆ ಮಾರಿತು. ಲಂಡನ್ನಿನ ಹೆಸರಲ್ಲಿ ಲೊಂದ್ರಿನಾ ಅನ್ನೋ ಊರೇ ಎದ್ದಿತು.

ಆ ತುಂಡುಗಳನ್ನು ಅಳೆದ ರೀತಿ ಗಮನಿಸಬೇಕು. ರಸ್ತೆ ದಿಣ್ಣೆಯ ನೆತ್ತಿಯ ಮೇಲೆ. ಅಲ್ಲಿಂದ ಕೆಳಗಿನ ಹಳ್ಳದವರೆಗೆ ಒಂದೊಂದು ಉದ್ದನೆಯ ಪಟ್ಟಿ. ಕಾಫಿ ಮೇಲ್ಭಾಗದಲ್ಲಿ, ಮನೆ ಮತ್ತು ದನ ಕೆಳಗೆ ನೀರಿನ ಹತ್ತಿರ. ತಣ್ಣನೆ ಗಾಳಿ ಭಾರ, ರಾತ್ರಿ ನೀರಿನ ಹಾಗೇ ಇಳಿಜಾರಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತೆ. ಅಂದ್ರೆ ಫ್ರಾಸ್ಟ್ ಬಂದರೆ ಮೊದಲು ಸಾಯೋದು ತಗ್ಗಿನ ಗಿಡ. ಅಪಾಯ ಗೊತ್ತಿಲ್ಲದೆ ನೆಟ್ಟವರಲ್ಲ ಅವರು. ಮಕರ ಸಂಕ್ರಾಂತಿ ವೃತ್ತ ಆ ಸೀಮೆಯ ಮೇಲೇ ಹಾದುಹೋಗುತ್ತೆ, ಕಾಫಿಗೆ ಅದು ಬೇಲಿ ಅಂಚಿನ ಜಾಗ. 1953, 1955, 1963ರಲ್ಲಿ ಪೆಟ್ಟು ಬಿತ್ತು. ಪ್ರತಿ ಸಲವೂ ಮತ್ತೆ ನೆಟ್ಟರು. ಕಾಫಿ ದುಡ್ಡು ಅಂಥದ್ದು.

1975ರ ಜುಲೈ. ನಮ್ಮಲ್ಲಿ ತುರ್ತುಪರಿಸ್ಥಿತಿ ಶುರುವಾಗಿ ಒಂದು ತಿಂಗಳೂ ಆಗಿರಲಿಲ್ಲ. ಅಲ್ಲಿ ಅದು ಚಳಿಗಾಲ. 17ನೇ ತಾರೀಖು ಪರಾನಾದ ರಾಜಧಾನಿ ಕುರಿಟಿಬಾದಲ್ಲಿ ಹಿಮ ಬಿತ್ತು. ಜನ ಬೀದಿಗಿಳಿದು ಫೋಟೊ ತೆಗೆಸಿಕೊಂಡರು, ಮಕ್ಕಳು ಹಿಮದ ಗೊಂಬೆ ಮಾಡಿದರು. ಉತ್ತರದ ಕಾಫಿ ಸೀಮೆಗೆ ಹಿಮ ಬರಲಿಲ್ಲ. ಅಲ್ಲಿಗೆ ಬಂದದ್ದು ಒಣಗಾಳಿ. 18ರ ಬೆಳಗಿನ ಹೊತ್ತಿಗೆ ಕೆಲಸ ಮುಗಿದಿತ್ತು.

ಸಾಮಾನ್ಯ ಫ್ರಾಸ್ಟಿನಲ್ಲಿ ಗಾಳಿಯಲ್ಲಿರೋ ತೇವ ಎಲೆ ಮೇಲೆ ಬಿಳಿ ಪುಡಿಯ ಹಾಗೆ ಹೆಪ್ಪುಗಟ್ಟುತ್ತೆ. ತೇವ ಮಂಜುಗಡ್ಡೆ ಆಗೋವಾಗ ಒಂದಿಷ್ಟು ಶಾಖ ಬಿಡುಗಡೆ ಆಗೋದರಿಂದ ಎಲೆ ತಣ್ಣಗಾಗೋ ವೇಗ ಕಡಿಮೆ ಆಗುತ್ತೆ. ಗಾಳಿ ತೀರ ಒಣಗಿದ್ದರೆ ಆ ಬಿಳಿ ಹೊದಿಕೆಯೂ ಇಲ್ಲ. ಹೊರಗೆ ಏನೂ ಕಾಣದೆ ಗಿಡದೊಳಗಿನ ರಸವೇ ಹೆಪ್ಪುಗಟ್ಟುತ್ತೆ. ಬಿಸಿಲೇರಿದ ಮೇಲೆ ಎಲೆ ಬೆಂದ ಹಾಗಾಗಿ ಕಪ್ಪಾಗುತ್ತೆ. ಅದಕ್ಕೇ ಅಲ್ಲಿನವರು ಇದನ್ನ 'ಜಿಯಾಡಾ ನೆಗ್ರಾ', ಕಪ್ಪು ಫ್ರಾಸ್ಟ್ ಅಂತಾರೆ.

ನೀರು ಗಡ್ಡೆಯಾಗಿ ಹಿಗ್ಗಿ, ಫ್ರೀಜರಲ್ಲಿಟ್ಟ ಬಾಟಲಿ ಒಡೆಯೋ ಹಾಗೆ ಜೀವಕೋಶ ಒಡೆಯುತ್ತೆ ಅಂತ ನಾನೂ ಅಂದ್ಕೊಂಡಿದ್ದೆ. ಬಹುಮಟ್ಟಿಗೆ ಹಾಗಲ್ಲ. ಮಂಜುಗಡ್ಡೆ ಮೊದಲು ಹುಟ್ಟೋದು ಕೋಶಗಳ ನಡುವಿನ ಸಂದಿಯಲ್ಲಿ. ಅದು ಒಳಗಿನ ನೀರನ್ನು ಹೊರಕ್ಕೆ ಎಳೆಯುತ್ತೆ. ಉಪ್ಪು ಹಾಕಿದ ಮಾವಿನ ಹೋಳು ರಾತ್ರಿ ಬೆಳಗಾಗೋದ್ರಲ್ಲಿ ನೀರು ಬಿಟ್ಟು ಮುದುಡಿರುತ್ತಲ್ಲ, ಹಾಗೆ. ಅಂದ್ರೆ ಚಳಿಯಲ್ಲಿ ಗಿಡ ಸಾಯೋದು ಒಂದರ್ಥದಲ್ಲಿ ಬಾಯಾರಿ. ಕೋಶದ ಪೊರೆ ಹರಿದಿರುತ್ತೆ, ಗಡ್ಡೆ ಕರಗಿದಾಗ ರಸವೆಲ್ಲ ಸೋರುತ್ತೆ. ಫ್ರಿಜ್ಜಿನ ಹಿಂಗೋಡೆಗೆ ತಾಗಿ ಕೂತ ಕೊತ್ತಂಬರಿ ಸೊಪ್ಪನ್ನು ನೆನಪು ಮಾಡ್ಕೊಳ್ಳಿ. ಒಂಟಿ ರೂಮಲ್ಲಿ ಇದ್ದವರಿಗೆಲ್ಲ ಗೊತ್ತು ಅದು.

ಹಾಗಾದ್ರೆ ಹಿಮಾಚಲದ ಸೇಬಿನ ಮರ ಹೇಗೆ ಬದುಕುತ್ತೆ? ಅದಕ್ಕೆ ಮುನ್ಸೂಚನೆ ಸಿಗುತ್ತೆ. ಹಗಲು ಚಿಕ್ಕದಾಗ್ತಾ ಬಂದ ಹಾಗೆ ಎಲೆ ಉದುರಿಸುತ್ತೆ, ಕೋಶಗಳಲ್ಲಿ ಸಕ್ಕರೆ ತುಂಬಿಕೊಳ್ಳುತ್ತೆ, ಪೊರೆಯ ರಚನೆಯನ್ನೇ ಬದಲಾಯಿಸಿಕೊಳ್ಳುತ್ತೆ. ಅರೇಬಿಕಾ ಕಾಫಿ ಹುಟ್ಟಿದ್ದು ಇಥಿಯೋಪಿಯಾದ ಕಾಡಿನ ನೆರಳಲ್ಲಿ. ಇಂಥ ಚಳಿಗೆ ತಯಾರಿ ಮಾಡ್ಕೊಳ್ಳೋ ವಿದ್ಯೆ ಅದಕ್ಕೆ ಬರಲೇ ಇಲ್ಲ. ಎಲೆಯ ಉಷ್ಣತೆ ಸೊನ್ನೆಗಿಂತ ಮೂರು-ನಾಲ್ಕು ಡಿಗ್ರಿ ಕೆಳಗಿಳಿದರೆ ಸಾಕು, ಮುಗೀತು.

ಇನ್ನೊಂದು ವಿಷಯ, ಇದು ವಿಡಿಯೊದಲ್ಲಿ ಬಿಟ್ಟುಹೋಗಿತ್ತು. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ಎಲೆ ತನ್ನ ಶಾಖವನ್ನು ಸೀದಾ ಆಕಾಶಕ್ಕೆ ಬಿಟ್ಟುಕೊಡುತ್ತೆ, ಸುತ್ತಲಿನ ಗಾಳಿಗಿಂತ ಹೆಚ್ಚು ತಣ್ಣಗಾಗುತ್ತೆ. ಮೇಲೆ ಮರದ ಕೊಡೆ ಇದ್ದರೆ ಈ ನಷ್ಟ ಕಡಿಮೆ. ನಮ್ಮ ತೋಟದಲ್ಲಿ ಸಿಲ್ವರ್ ಓಕ್, ಹಲಸು, ಅತ್ತಿ ಎಲ್ಲ ಇವೆ. ಪರಾನಾದಲ್ಲಿ ಬಟಾಬಯಲು, ಕಣ್ಣು ಹಾಯೋವರೆಗೂ ಕಾಫಿ ಸಾಲು.

1975ರಲ್ಲಿ ಪರಾನಾದ ಬೆಳೆ 1 ಕೋಟಿ ಮೂಟೆ ದಾಟಿತ್ತು. 1976ರಲ್ಲಿ 4 ಸಾವಿರ ಮೂಟೆಯೂ ಬರಲಿಲ್ಲ. ಓದಿದಾಗ ಅಚ್ಚಿನ ತಪ್ಪು ಇರಬೇಕು ಅಂದ್ಕೊಂಡೆ.

ಕಾಂಡ ಬದುಕಿದ್ದ ಕಡೆ ಬುಡಕ್ಕೆ ಕಡಿದು ಚಿಗುರಿಗಾಗಿ ಕಾಯಬಹುದಿತ್ತು, ಎರಡು-ಮೂರು ವರ್ಷ. ಬಹಳ ಜನ ಕಾಯಲಿಲ್ಲ. ಬೇರು ಕಿತ್ತು ಸೋಯಾ, ಗೋಧಿ ಬಿತ್ತಿದರು. ಅದಾಗಲೇ ಶುರುವಾಗಿದ್ದ ಬದಲಾವಣೆಯನ್ನು ಒಂದು ರಾತ್ರಿ ಮುಗಿಸಿಕೊಟ್ಟಿತು. ಕಾಫಿಗೆ ಕೈ ಬೇಕು, ಸೋಯಾಗೆ ಟ್ರ್ಯಾಕ್ಟರ್ ಸಾಕು. ತೋಟದಲ್ಲೇ ಮನೆಮಾಡಿಕೊಂಡಿದ್ದ ಕುಟುಂಬಗಳಿಗೆ ಕೆಲಸವೂ ಹೋಯ್ತು, ಸೂರೂ ಹೋಯ್ತು. ಆ ದಶಕದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಪರಾನಾ ಬಿಟ್ಟರು. ಸಾವ್ ಪೌಲೊಗೆ, ಅಮೆಜಾನ್ ಅಂಚಿನ ರೊಂಡೋನಿಯಾಗೆ, ಗಡಿ ದಾಟಿ ಪರಾಗ್ವೆಗೆ. ಉಳಿದವರಲ್ಲಿ ಎಷ್ಟೋ ಜನ ದಿನಗೂಲಿಗಳಾದರು. ಅಂಥವರಿಗೆ ಅಲ್ಲಿ 'ಬೋಯಾ-ಫ್ರಿಯಾ' ಅಂತಾರೆ, ತಣ್ಣನೆ ಬುತ್ತಿಯವರು ಅಂತ. ನಸುಕಿನಲ್ಲಿ ಲಾರಿ ಹತ್ತಿ, ಆರಿದ ಬುತ್ತಿ ಉಣ್ಣುವವರು.

1994ರ ಏಟು ತಿಂದವರು ಬೇರೆ. ಆದರೆ ಅಮ್ಮ ಹಚ್ಚಿದ ತುಪ್ಪದ ದೀಪ ನನಗೆ ನೆನಪಾಗಿದ್ದು ಈ ಪುಟಗಳನ್ನ ಓದುವಾಗ.

ನ್ಯೂಯಾರ್ಕಿನಲ್ಲಿ ಪೌಂಡಿಗೆ ಅರ್ಧ ಡಾಲರ್ ಆಸುಪಾಸಿನಲ್ಲಿದ್ದ ಕಾಫಿ 1977ರ ಏಪ್ರಿಲ್‌ನಲ್ಲಿ ಮೂರು ಡಾಲರ್ ದಾಟಿತು. ಅಂಗೋಲಾದ ಅಂತರ್ಯುದ್ಧವೂ ಸೇರಿಕೊಂಡಿತ್ತು, ನಿಜ. ಆ ರೇಟು ನಮ್ಮ ಅಜ್ಜನ ಕೈಗೆ ನೇರವಾಗಿ ಬರಲಿಲ್ಲ. ಆಗ ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹಾಕಬೇಕು, ದುಡ್ಡು ಕಂತು ಕಂತಾಗಿ ಬರೋದು. ಅಜ್ಜ ಆ ಕಥೆ ಹೇಳುವಾಗ ಪ್ರತಿ ಸಲ ನಿಟ್ಟುಸಿರು ಬಿಡ್ತಿದ್ದ.

ಏಟು ಇನ್ನೊಂದು ವಿಚಿತ್ರ ಜಾಗಕ್ಕೂ ಬಿತ್ತು. ಪೂರ್ವ ಜರ್ಮನಿ ಸರ್ಕಾರಕ್ಕೆ ಕಾಫಿ ಕೊಳ್ಳೋಕೆ ಡಾಲರ್ ಸಾಲದೆ, 1977ರಲ್ಲಿ ಅರ್ಧದಷ್ಟು ಮಾತ್ರ ಕಾಫಿ, ಉಳಿದದ್ದು ಚಿಕೋರಿ, ರೈ ಇತ್ಯಾದಿ ಬೆರೆಸಿದ ಪುಡಿಯನ್ನು ಅಂಗಡಿಗೆ ಬಿಟ್ಟಿತು. ಜನ ಕೆಂಡವಾದರು. ತಮ್ಮ ನಾಯಕ ಎರಿಕ್ ಹೊನೆಕರ್ ಹೆಸರು ಸೇರಿಸಿ ಆ ಪುಡಿಗೆ ಅಡ್ಡಹೆಸರೂ ಇಟ್ಟರು. (ಚಿಕೋರಿಗೆ ಇಷ್ಟು ಗಲಾಟೆನಾ ಅಂತ ನಮ್ಮವರಿಗೆ ಅನ್ನಿಸಬಹುದು. ನಮಗದು ರುಚಿ, ಅವರಿಗೆ ಮೋಸ.) ಡಾಲರ್ ಇಲ್ಲದೆ ಕಾಫಿ ಎಲ್ಲಿ ಸಿಗುತ್ತೆ ಅಂತ ಹುಡುಕಿದ ಆ ಸರ್ಕಾರ 1980ರಲ್ಲಿ ವಿಯೆಟ್ನಾಂ ಜೊತೆ ಒಪ್ಪಂದ ಮಾಡ್ಕೊಂಡು, ಡಾಕ್ ಲಾಕ್ ಸೀಮೆಯಲ್ಲಿ ರೋಬಸ್ಟಾ ತೋಟ ಎಬ್ಬಿಸೋಕೆ ಯಂತ್ರ, ಹಣ, ತಜ್ಞರನ್ನು ಕಳಿಸಿತು. ಫಸಲು ಸರಿಯಾಗಿ ಕೈಗೆ ಬರೋ ಹೊತ್ತಿಗೆ, 1990ರಲ್ಲಿ, ಪೂರ್ವ ಜರ್ಮನಿ ಅನ್ನೋ ದೇಶವೇ ಇರಲಿಲ್ಲ. ತೋಟಗಳು ಉಳಿದವು. ವಿಯೆಟ್ನಾಂ ಬೆಳೆದದ್ದಕ್ಕೆ ಅವರದೇ ಆರ್ಥಿಕ ಸುಧಾರಣೆ ಮುಂತಾದ ದೊಡ್ಡ ಕಾರಣಗಳಿವೆ, ಎಲ್ಲವನ್ನೂ ಒಂದು ರಾತ್ರಿಯ ತಲೆಗೆ ಕಟ್ಟೋದು ತಪ್ಪು. ಆದ್ರೆ ಎಳೆ ಮಾತ್ರ ಅಲ್ಲಿಂದ ಇಲ್ಲಿವರೆಗೂ ಇದೆ. 2000ದ ಹೊತ್ತಿಗೆ ವಿಯೆಟ್ನಾಂ ಜಗತ್ತಿನ ಎರಡನೇ ಅತಿದೊಡ್ಡ ಕಾಫಿ ದೇಶ. ಮಾರುಕಟ್ಟೆಯಲ್ಲಿ ಕಾಫಿ ತುಂಬಿ ತುಳುಕಿ ಬೆಲೆ ನೆಲಕಚ್ಚಿತು.

2001ರಲ್ಲಿ ನಮ್ಮ ತೋಟದಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ, ಕೆಳಗಿನ ರೋಬಸ್ಟಾ ಗಿಡದಲ್ಲೇ ಒಣಗಿತು. ನಾನಾಗ ಇಂಜಿನಿಯರಿಂಗ್ ಓದ್ತಿದ್ದೆ. ತೋಟ ನಂಬ್ಕೊಂಡು ಬರಬೇಡ ಅಂತ ಅಪ್ಪ ಹೇಳಿದ್ದು ಆ ವರ್ಷ. ಕೋರ್ಸ್ ಮುಗಿಸಿ ಪುಣೆ ಬಸ್ ಹತ್ತಿದೆ.

ಪರಾನಾದಲ್ಲಿ ಕಾಫಿ ಪೂರ್ತಿ ಅಳಿಯಲಿಲ್ಲ. ಬಹುಪಾಲು ಉತ್ತರಕ್ಕೆ, ಮಿನಾಸ್ ಜೆರಾಯಿಸ್ ರಾಜ್ಯಕ್ಕೆ ಹೋಯ್ತು. 2021ರ ಜುಲೈನಲ್ಲಿ ಫ್ರಾಸ್ಟ್ ಅಲ್ಲಿಗೂ ಬಂತು. ಉಳಿದ ಬೆಳೆಗಾರರಿಗಾಗಿ ಲೊಂದ್ರಿನಾದ ಕೃಷಿ ಸಂಶೋಧನಾ ಸಂಸ್ಥೆ ಚಳಿಗಾಲದಲ್ಲಿ ಮುನ್ನೆಚ್ಚರಿಕೆ ಕೊಡುತ್ತೆ. ಎಚ್ಚರಿಕೆ ಬಂದ್ರೆ, ಹೊಸದಾಗಿ ನೆಟ್ಟ ಎಳೆ ಸಸಿಗಳನ್ನ ಮಣ್ಣಲ್ಲಿ ಪೂರ್ತಿ ಮುಚ್ಚಿ, ಅಪಾಯ ಕಳೆದ ಮೇಲೆ ಬಿಡಿಸ್ತಾರೆ. ಸ್ವಲ್ಪ ದೊಡ್ಡದಾದ ಗಿಡದ ಬುಡಕ್ಕೆ ಮಣ್ಣೇರಿಸಿ ಕಾಂಡ ಕಾಯ್ತಾರೆ. ಮೇಲೆ ಎಲ್ಲ ಸುಟ್ಟರೂ ಬುಡದಿಂದ ಚಿಗುರಲಿ ಅಂತ. ಅವರು ಕಂಡುಕೊಂಡ ಇನ್ನೊಂದು ಉಪಾಯ ಕೇಳಿ ನನಗೆ ಕಲಬುರಗಿಯ ಗೆಳೆಯ ನೆನಪಾದ: ಎಳೆ ಕಾಫಿ ಸಾಲುಗಳ ನಡುವೆ ಕೊಡೆಯಾಗಿ ಬೆಳೆಸೋದು ನಮ್ಮ ತೊಗರಿಯನ್ನ.

ಅಜ್ಜ ಈಗಿಲ್ಲ. ಪ್ರಶ್ನೆ ಅಪ್ಪನಿಗೆ ಬಂದಿದೆ. ಹೋದ ಭಾನುವಾರ ಫೋನಲ್ಲಿ ಕೇಳಿದ್ರು, ಇಂಟರ್ನೆಟ್ಟಲ್ಲಿ ನೋಡಿ ಹೇಳೋ, ಬ್ರೆಜಿಲ್‌ನಲ್ಲಿ ಚಳಿ ಹೇಗಿದೆಯಂತೆ? ನೋಡಿದೆ. ಲೊಂದ್ರಿನಾದಲ್ಲಿ ಮೋಡ ಇದೆ ಅಂತ ತೋರಿಸ್ತು. ಹಾಗೇ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಬಿಡು, ಊಟ ಆಯ್ತಾ?" ಅಂದ್ರು.