ಕವರು, ಪಹಣಿ, ಚೆಂಡು: ಇನ್ನಂಜೆ ಪರಿಸರದ ಹೆಣ್ಣಿನ ಹಕ್ಕು ಮತ್ತು ದುಡಿಮೆ

1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ತಾಯಿಯ ಸಾಲಿನಲ್ಲಿ ವಂಶ ಎಣಿಸುವ ಕುಟುಂಬದ ಕವಲುಗಳನ್ನು, ಅದರದೇ ಮಾತಿನಲ್ಲಿ ಹೇಳುವುದಾದರೆ ಕವರುಗಳನ್ನು, ಎರಡಾಗಿ ವಿಂಗಡಿಸುತ್ತದೆ. ಐವತ್ತು ವರ್ಷ ತುಂಬದ ಒಬ್ಬ ಹೆಂಗಸಾದರೂ ಇದ್ದರೆ ಅದು ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. ಕುಟುಂಬದಲ್ಲಿ ಸಂತತಿ ಕವರೊಂದು ಇರುವಾಗ ಪಾಲಾದರೆ ನಿಸ್ಸಂತತಿ ಕವರಿಗೆ ದಕ್ಕುತ್ತಿದ್ದದ್ದು ಬದುಕಿರುವಷ್ಟು ಕಾಲದ ಅನುಭೋಗ ಮಾತ್ರ. ಗಂಡಸರಷ್ಟೇ ಉಳಿದ ಕವರಿಗೂ ಇದೇ ನಿಯಮವಿತ್ತು ನಿಜ. ಆದರೆ ಹೆಣ್ಣಿನಿಂದಲೇ ವಂಶ ಎಂದು ನಂಬಿದ ಪದ್ಧತಿಯನ್ನು ಕಾನೂನಿಗೆ ಇಳಿಸುವಾಗ ಅವಳ ತೂಕವನ್ನು ಹೆರುವ ವಯಸ್ಸಿನಿಂದ ಅಳೆದರು ಎಂಬುದು ಈ ವ್ಯಾಖ್ಯೆಯಲ್ಲಿ ಉಳಿದುಹೋಗಿದೆ. ಐವತ್ತೊಂದರ ಒಂಟಿ ಹೆಂಗಸು ಕಾಯ್ದೆಯ ಕಣ್ಣಿಗೆ ಬೇರು ಕಡಿದ ಮರ.

ಹೆಣ್ಣು ಬದುಕಿನುದ್ದಕ್ಕೂ ಪಡುವ ಕಷ್ಟವನ್ನು ಬಾಲ್ಯ, ಮದುವೆ, ಹೆರಿಗೆ, ಮುಪ್ಪು ಎಂದು ಮೆಟ್ಟಿಲು ಮಾಡಿ ಬರೆಯುವುದು ರೂಢಿ. ಕಾಪು ತಾಲೂಕಿನ ಇನ್ನಂಜೆ ಮತ್ತು ಸುತ್ತಲಿನ ಊರುಗಳನ್ನು ನೋಡಿದರೆ ಆ ಮೆಟ್ಟಿಲುಗಳನ್ನೆಲ್ಲ ಹೊತ್ತಿರುವುದು ಒಂದೇ ತೊಲೆ ಎಂದು ನನಗೆ ತೋರುತ್ತದೆ. ಮನೆ ನಡೆಯುವುದು ಹೆಣ್ಣಿನ ಕೈಯಿಂದ, ಕಾಗದ ಇರುವುದು ಬೇರೆಯವರ ಹೆಸರಿನಲ್ಲಿ.

ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವ ವಿಷಯದಲ್ಲಿ, ಇನ್ನಂಜೆ ಇರುವ ಉಡುಪಿ ಜಿಲ್ಲೆ ಹಿಂದೆ ಬಿದ್ದಿಲ್ಲ. ಆ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಿಲ್ಲ. 2011ರ ಜನಗಣತಿಯಂತೆ ಸಾವಿರ ಗಂಡಸರಿಗೆ 1,094 ಹೆಂಗಸರಿದ್ದ ಜಿಲ್ಲೆ ಇದು, ರಾಜ್ಯದಲ್ಲೇ ಮೊದಲ ಸ್ಥಾನ. 2001ರಲ್ಲಿ ಆ ಸಂಖ್ಯೆ 1,130 ಇತ್ತು. ಇದನ್ನು ಹೆಣ್ಣಿಗೆ ಸಿಕ್ಕ ಮನ್ನಣೆಯೆಂದು ಓದುವವರಿದ್ದಾರೆ. ಆದರೆ ಆರು ವರ್ಷದೊಳಗಿನ ಮಕ್ಕಳ ಲೆಕ್ಕ ತೆಗೆದರೆ ಇಲ್ಲೂ ಹೆಣ್ಣುಮಕ್ಕಳೇ ಕಡಿಮೆ. ದೊಡ್ಡವರಲ್ಲಿ ಹೆಂಗಸರು ಹೆಚ್ಚಾಗಿ ಕಾಣುವುದು ಗಂಡಸರು ಮುಂಬೈಗೆ, ಗಲ್ಫಿಗೆ ಹೋಗಿರುವುದರಿಂದ, ಹೆಂಗಸರ ಆಯುಸ್ಸು ಹೆಚ್ಚಿರುವುದರಿಂದ. 1,094 ಎಂಬುದನ್ನು ಮನೆಯಲ್ಲಿ ಉಳಿದವರ ಸಂಖ್ಯೆ ಎಂದು ಓದುವುದು ಸರಿ.

ಅಳಿಯಕಟ್ಟಿನ, ಅಂದರೆ ಅಳಿಯಸಂತಾನದ, ಕುಟುಂಬದಲ್ಲಿ ಬರಿ ಎಂಬ ವಂಶದ ಗುರುತು ತಾಯಿಯಿಂದ ಬರುತ್ತದೆ. ಹಿರಿಯಳು ಎಜಮಾನ್ತಿ ಆಗಬಹುದಿತ್ತು. ಆದರೂ ವ್ಯವಹಾರ ನಡೆಸುತ್ತಿದ್ದವನು ಸಾಮಾನ್ಯವಾಗಿ ಸೋದರಮಾವ. ಈ ಇಕ್ಕಟ್ಟನ್ನು ಕಾಯ್ದೆಗಳಿಗಿಂತ ಬಹಳ ಮೊದಲೇ ಗುರುತಿಸಿದ್ದು ತುಳುವಿನ ಸಿರಿ ಪಾಡ್ದನ. ಗಂಡ ಮಾಡಿದ ಅವಮಾನ ಸಹಿಸದೆ ಬಿಡುಗಡೆ ಪಡೆದವಳು, ಸತ್ಯನಾಪುರದ ಅಜ್ಜನ ಅರಮನೆ ದಾಯಾದಿಯ ಪಾಲಾಗುವುದನ್ನು ಕಂಡು ಕೂಸಿನೊಡನೆ ಹೊರನಡೆದವಳು ಸಿರಿ. ಗೋಪಾಲ ನಾಯ್ಕರು ಹಾಡಿದ ಈ ಕಥನವನ್ನು ಲೌರಿ ಹೊಂಕೊ, ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರು 1998ರಲ್ಲಿ ಪ್ರಕಟಿಸಿದಾಗ ಅದು 15,683 ಸಾಲುಗಳಷ್ಟಾಯಿತು. ಕಾರ್ಕಳ ತಾಲೂಕಿನ ನಂದಳಿಕೆಯ ಸಿರಿ ಜಾತ್ರೆಯಲ್ಲಿ ಹುಣ್ಣಿಮೆಯ ರಾತ್ರಿ ಹಿಂಗಾರ ಹಿಡಿದ ಹೆಂಗಸರು ಆವೇಶದಲ್ಲಿ ಮಾತಾಡುತ್ತಾರೆ, ಮನೆಯವರು ಎದುರು ನಿಂತು ಕೇಳುತ್ತಾರೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಬಿಡುವವರನ್ನು ನಾನು ಒಪ್ಪಲಾರೆ. ವರ್ಷಕ್ಕೊಮ್ಮೆಯಾದರೂ ಸೊಸೆಯ ಸಂಕಟಕ್ಕೆ ಮನೆಮಂದಿ ಕಿವಿಗೊಡಬೇಕಾದ ಜಾಗ ಅದು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಳಿಯಸಂತಾನದ ಪಾಲನ್ನೂ ತನ್ನ ನಿಯಮಕ್ಕೆ ತಂದುಕೊಂಡಿತು. ಇನ್ನಂಜೆಯ ಒಕ್ಕಲು ಮನೆಗಳಲ್ಲಿ ಹೆಚ್ಚು ನೆನಪಿನಲ್ಲಿರುವುದು ಮಾತ್ರ 1974ರ ಭೂಸುಧಾರಣೆ. ಗೇಣಿಗಿದ್ದ ಗದ್ದೆ ಏಳನೇ ನಮೂನೆಯ ಅರ್ಜಿಯಿಂದ ಒಕ್ಕಲಿನದಾಯಿತು. ಇಂದಿಗೂ ಜನ ಅದನ್ನು ‘ಡಿಕ್ಲರೇಶನ್ ಜಾಗ’ ಎನ್ನುತ್ತಾರೆ. ಬಡವರಿಗೆ ನೆಲ ಕೊಟ್ಟ ಆ ದೊಡ್ಡ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ನೇಜಿ ನೆಟ್ಟವಳು, ಕೊಯ್ದವಳು, ಭತ್ತ ಕುಟ್ಟಿದವಳು ಹೆಂಗಸು. ಭೂನ್ಯಾಯ ಮಂಡಳಿಯ ಮುಂದೆ ಗೇಣಿದಾರನೆಂದು ನಿಂತವನು ಬಹುಪಾಲು ಮನೆಯ ಗಂಡಸು. ತಾಯಿಯ ಸಾಲಿನಲ್ಲಿ ಎಣಿಸುತ್ತಿದ್ದ ಮನೆಗಳ ಪಹಣಿಯೂ ಅಲ್ಲಿಂದ ಅಪ್ಪನ ಹೆಸರಿಗೆ ತಿರುಗಿತು. ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೆ ಸಮಪಾಲು ಕೊಟ್ಟಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಅದು ಹುಟ್ಟಿನಿಂದಲೇ ಬಂದ ಹಕ್ಕು ಎಂದಿತು. ಆದರೂ ಅಣ್ಣತಮ್ಮಂದಿರ ಮುಖ ನೋಡಿ, ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವವರು ಕಡಿಮೆಯಿಲ್ಲ.

ದುಡಿಮೆಯಲ್ಲೂ ಇದೇ ಕಥೆ. ಇನ್ನಂಜೆಯ ಪಕ್ಕದಲ್ಲೇ ಶಂಕರಪುರವಿದೆ. ಉಡುಪಿ ಮಲ್ಲಿಗೆ ಎಂದು ಭೌಗೋಳಿಕ ಸೂಚ್ಯಂಕ ಪಡೆದ ಹೂವಿಗೆ ಜನ ಕರೆಯುವ ಹೆಸರು ಈ ಊರಿನದೇ. ಬೆಳಕು ಹರಿಯುತ್ತಲೇ ಹೆಂಗಸರು ಗಿಡದ ಬುಡಕ್ಕೆ ಬಾಗುತ್ತಾರೆ. ಬಿಸಿಲೇರಿದರೆ ಮೊಗ್ಗು ಬಿರಿಯುತ್ತದೆ, ಬಿರಿದದ್ದಕ್ಕೆ ಬೆಲೆಯಿಲ್ಲ. ಆಮೇಲೆ ಜಗಲಿಯಲ್ಲಿ ಕಾಲು ಚಾಚಿ ಕೂತು, ನೆನೆಸಿಟ್ಟ ಬಾಳೆನಾರನ್ನು ಉಗುರಿನಿಂದ ಸೀಳಿ, ಮೊಗ್ಗುಗಳನ್ನು ಜೋಡಿಸಿ ಗಂಟು ಹಾಕಬೇಕು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕೊಯ್ಯುವಾಗ ಒಮ್ಮೆ, ಕಟ್ಟುವಾಗ ಒಮ್ಮೆ ಎಂದು ಲೆಕ್ಕ ಹಾಕಿದರೆ ಒಂದು ಅಟ್ಟೆಗೆ ಬೆರಳು 6,400 ಸಲ ಆಡಿರುತ್ತದೆ. ಅಟ್ಟೆಯ ದರ ದಿನದಿನ ಬದಲಾಗುತ್ತದೆ. ಅದನ್ನು ನಿಗದಿ ಮಾಡುವ ಮಾತುಕತೆಯಲ್ಲಿ ಕಟ್ಟುವವಳಿಗೆ ಜಾಗವಿಲ್ಲ.

ಅದೇ ಜಗಲಿಯಲ್ಲಿ ಕೆಲವು ಮನೆಗಳಲ್ಲಿ ಬೀಡಿಯ ತಡ್ಪೆಯೂ (ಮೊರವೂ) ಇದೆ. ಬೆನ್ನು ನೋವು, ಹೊಗೆಸೊಪ್ಪಿನ ಧೂಳು, ಬೀಡಿ ಕಂಪನಿಯ ಬ್ರಾಂಚಿನಲ್ಲಿ ‘ಚೆಕ್ಕಿಂಗ್’ ಆಗುವಾಗ ತಳ್ಳಿಹಾಕುವ ಕಟ್ಟುಗಳು, ಎಲ್ಲವೂ ಸೇರಿದ ಕಷ್ಟದ ಕಸುಬು. ಆದರೂ ಬೀಡಿ ಕಟ್ಟುವವಳಿಗೆ 2025ರವರೆಗೆ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯಿತ್ತು. ಮನೆಯಲ್ಲೇ ಕೂತು ಕಟ್ಟುವವಳೂ ಭವಿಷ್ಯನಿಧಿಗೆ ಅರ್ಹಳು ಎಂದು 1985ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅವಳ ಕೈಯಲ್ಲಿ ಗುರುತುಚೀಟಿ ಇದೆ, ಪಿಎಫ್ ನಂಬರಿದೆ. ಬೀಡಿ ಕಾರ್ಮಿಕರ ಕಲ್ಯಾಣ ಸೆಸ್ಸು 2017ರಲ್ಲಿ ಜಿಎಸ್‌ಟಿಯೊಂದಿಗೆ ರದ್ದಾಯಿತು, ಪಿಂಚಣಿಯ ಕನಿಷ್ಠ ಮೊತ್ತ 1,000 ರೂಪಾಯಿ ಎಂಬುದು ಕೈಗೆ ಹತ್ತುವಷ್ಟಲ್ಲ. ಅಷ್ಟಾದರೂ ಕಾಗದದಲ್ಲಿ ಅವಳು ಕಾರ್ಮಿಕಳು. ಹೂ ಕಟ್ಟುವವಳು ಗೃಹಿಣಿ. ಆರೋಗ್ಯಕ್ಕೆ ಹಾನಿಕರವಾದ ಕಸುಬಿನಲ್ಲಿ ದಾಖಲೆಯಿದ್ದು, ಊರಿಗೆ ಹೆಸರು ತಂದ ಕಸುಬಿನಲ್ಲಿ ಇಲ್ಲದಿರುವುದು ನನ್ನನ್ನು ಬಹಳ ಕಾಡಿದೆ. 2021ರಿಂದ ಇರುವ ಇ-ಶ್ರಮ್ ನೋಂದಣಿಯಲ್ಲಿ ಹೂ ಕಟ್ಟುವವರೂ ಹೆಸರು ಬರೆಸಬಹುದು. ಪಂಚಾಯಿತಿ ಮತ್ತು ಸ್ವಸಹಾಯ ಗುಂಪುಗಳು ಇದನ್ನು ಮನೆಮನೆಗೆ ಮುಟ್ಟಿಸಬೇಕು, ಅವರ ವಯಸ್ಸು ಐವತ್ತೊಂಬತ್ತು ದಾಟುವ ಮೊದಲು. ಆಮೇಲೆ ಅಲ್ಲಿ ಬಾಗಿಲಿಲ್ಲ.

ನೆರವಿನ ಯೋಜನೆಗಳು ಊರಿನ ರೀತಿಯನ್ನು ನೋಡಿ ರೂಪುಗೊಳ್ಳಬೇಕು. ಹೆಂಗಸರ ಉಚಿತ ಪ್ರಯಾಣಕ್ಕೆಂದು 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಸೀಮಿತ. ಕರಾವಳಿಯ ಒಳರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆ ಹಾಗಲ್ಲ, ಮನೆಯ ಯಜಮಾನಿಯೆಂದು ಹೆಣ್ಣಿನ ಹೆಸರು ಬರೆದು ಅವಳ ಖಾತೆಗೇ ಹಣ ಹಾಕುತ್ತದೆ. ಎಜಮಾನ್ತಿ ಎಂಬ ಹಳೆಯ ಪದಕ್ಕೆ ಸರ್ಕಾರಿ ಕಾಗದದಲ್ಲಿ ಮತ್ತೆ ಜೀವ ಬಂದಂತೆ ನನಗೆ ಕಂಡಿತು.

ಕಠಿಣವಾದದ್ದು ಕೊನೆಯ ಘಟ್ಟ. ಮಕ್ಕಳು ದೂರದಲ್ಲಿ, ಮನೆಯಲ್ಲಿ ತಾಯಿ ಒಬ್ಬಳೇ. ಅವಳ ಹೆಸರಿನಲ್ಲಿದ್ದ ಸ್ವಲ್ಪ ಜಾಗವನ್ನೂ ಮಕ್ಕಳಲ್ಲಿ ಒಬ್ಬರಿಗೆ ದಾನಪತ್ರ ಮಾಡಿಕೊಟ್ಟಿರುತ್ತಾಳೆ. ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ. ಪಾಲನೆಯ ಷರತ್ತು ಪತ್ರದಲ್ಲೇ ಬರೆದಿದ್ದರೆ ದಾರಿ ಸಲೀಸು, ಬರೆಯದಿದ್ದರೆ ವಾದ ಬೆಳೆಯುತ್ತದೆ. ಹಾಗಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಪತ್ರ ಬರೆದುಕೊಡುವವರೇ ‘ಅಮ್ಮಾ, ನಿಮ್ಮನ್ನು ನೋಡಿಕೊಳ್ಳಬೇಕೆಂದು ಒಂದು ಸಾಲು ಸೇರಿಸುತ್ತೇನೆ’ ಎಂದು ಹೇಳುವ ರೂಢಿ ಬರಬೇಕು. ಅರ್ಜಿ ವಿಚಾರಿಸುವವರು ಉಪವಿಭಾಗಾಧಿಕಾರಿ. ಜಿಲ್ಲೆಗಿರುವ ಒಂದೇ ಉಪವಿಭಾಗ ಕುಂದಾಪುರ. ಇನ್ನಂಜೆಯ ಎಪ್ಪತ್ತೈದರ ಅಜ್ಜಿ ಮೊಣಕಾಲು ನೋವಿನಲ್ಲಿ ಉಡುಪಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ, ವಿಚಾರಣೆ ಮುಂದೆ ಹೋಯಿತೆಂದು ಕೇಳಿ ಹಿಂದಿರುಗುವುದನ್ನು ತಪ್ಪಿಸಲು ಹೊಸ ಕಾಯ್ದೆ ಬೇಕಿಲ್ಲ. ತಿಂಗಳಿಗೊಂದು ದಿನ ಆ ವಿಚಾರಣೆ ಕಾಪು ತಾಲೂಕು ಕಚೇರಿಯಲ್ಲಿ ನಡೆದರೆ ಅವಳು ಬೆಳಗಿನ ಹೂ ಕಟ್ಟಿ ಮುಗಿಸಿ ಹೊರಟರೂ ಊಟದ ಹೊತ್ತಿಗೆ ಮನೆಗೆ ಮರಳಬಹುದು.