ಹೊಗೆಸೊಪ್ಪಿನ ಹದ: ಗುಡುಗುಡಿಯ ತಂಬಾಕೂ ಕನ್ನಡನಾಡಿನ ಮನೆಯೂ

ಹೊಗೆಸೊಪ್ಪಿನ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಅದನ್ನು ಮೂರು ಮುಖಗಳಿಂದ ನೋಡಿದ್ದಾರೆ. ಅದು ಬೇಸಾಯದ ಬೆಳೆ, ವ್ಯಾಪಾರದ ಸರಕು, ಸರ್ಕಾರದ ಸುಂಕಕ್ಕೆ ಒಳಪಟ್ಟ ಪದಾರ್ಥ. ಇವುಗಳಲ್ಲದೆ ನಾಲ್ಕನೆಯ ಮುಖವೊಂದುಂಟು. ಹೊಲದಿಂದ ಬಂದ ಖಾರವಾದ ಎಲೆಯು ಸೇದುವವನ ಗಂಟಲಿಗೆ ಒಗ್ಗಬೇಕಾದರೆ ನಡುವೆ ಒಂದು ಕೆಲಸ ನಡೆಯಬೇಕು. ಎಲೆಯನ್ನು ಕುಟ್ಟಿ, ಬೆಲ್ಲವನ್ನು ಬೆರೆಸಿ, ಸುಗಂಧದ್ರವ್ಯಗಳನ್ನು ಕೂಡಿಸಿ ಹದಗೊಳಿಸುವ ಈ ಕೆಲಸವು ಬಹುಕಾಲ ನಡೆದುದು ಕಾರ್ಖಾನೆಯಲ್ಲಲ್ಲ, ಮನೆಯಲ್ಲಿ ಮತ್ತು ಊರಿನ ಸಣ್ಣ ಅಂಗಡಿಯಲ್ಲಿ. ಪರದೇಶದ ಈ ಗಿಡವು ನಮ್ಮದಾದುದಕ್ಕೆ ಅದು ಇಲ್ಲಿನ ಮಣ್ಣಿನಲ್ಲಿ ಬೇರೂರಿದುದು ಎಷ್ಟು ಕಾರಣವೋ, ಈ ಹದವೂ ಅಷ್ಟೇ ಕಾರಣವೆಂಬುದನ್ನು ಪ್ರಕೃತ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

ಮೊದಲು ಹೆಸರನ್ನೇ ವಿಚಾರಿಸೋಣ. ಕನ್ನಡದಲ್ಲಿ ಇದು ಹೊಗೆಸೊಪ್ಪು, ತೆಲುಗಿನಲ್ಲಿ ಪೊಗಾಕು, ತಮಿಳಿನಲ್ಲಿ ಪುಗೈಯಿಲೈ. ಮೂರರ ಅರ್ಥವೂ ಒಂದೇ: ಹೊಗೆಯ ಎಲೆ. ನಮ್ಮ ಜನರಲ್ಲಿ ಬಹುಮಂದಿ ಇದನ್ನು ಎಲೆಯಡಿಕೆಯೊಡನೆ ಜಗಿದವರೇ ಹೊರತು ಸೇದಿದವರಲ್ಲ. ಆದರೂ ಜಗಿಯುವವನು ಅಂಗಡಿಯಲ್ಲಿ ಕೇಳುವುದು ಹೊಗೆಸೊಪ್ಪನ್ನೇ. ದಕ್ಷಿಣದ ಜನರು ಈ ಎಲೆಯನ್ನು ಮೊದಲು ಗುರುತಿಸಿದುದು ಹೊಗೆಯ ಮೂಲಕವೆಂಬುದಕ್ಕೆ ಈ ಹೆಸರುಗಳೇ ಸಾಕ್ಷಿ ಹೇಳುತ್ತವೆ. ಸೇದುವ ಸಾಧನಕ್ಕೆ ಬಂದ ಗುಡುಗುಡಿ ಎಂಬ ಹೆಸರಾದರೋ ನೀರಿನ ಮೂಲಕ ಹಾಯುವ ಹೊಗೆಯ ಸದ್ದಿನಿಂದ ಹುಟ್ಟಿದ ಅನುಕರಣ ಶಬ್ದ.

ಅಮೆರಿಕದ ಈ ಗಿಡವನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. ಪಶ್ಚಿಮ ಕರಾವಳಿಯಿಂದ ಅದು ಆದಿಲ್‌ಶಾಹಿ ರಾಜ್ಯಕ್ಕೆ ಹಬ್ಬಿತು. ಅಲ್ಲಿಂದ ಮೊಗಲರ ಆಸ್ಥಾನಕ್ಕೆ ಅದು ಹೋದ ಬಗೆಯನ್ನು ಅಸದ್ ಬೇಗನು ತನ್ನ ವೃತ್ತಾಂತದಲ್ಲಿ ಬರೆದಿಟ್ಟಿದ್ದಾನೆ. ಅಕ್ಬರನ ಸೇವೆಯಲ್ಲಿದ್ದ ಈತನು ರಾಜಕಾರ್ಯದ ಮೇಲೆ ಬಿಜಾಪುರಕ್ಕೆ (ಇಂದಿನ ವಿಜಯಪುರ) ಬಂದು, 1604ರ ಸುಮಾರಿಗೆ ಆಗ್ರಾಕ್ಕೆ ಹಿಂದಿರುಗಿದನು. ಹಿಂದುಸ್ತಾನದಲ್ಲಿ ತಾನು ಕಾಣದಿದ್ದ ತಂಬಾಕನ್ನು ಬಿಜಾಪುರದಲ್ಲಿ ಕಂಡು ಕೊಂಡೊಯ್ದನು. ಮೂರು ಮೊಳ ಉದ್ದದ ನಳಿಗೆಯುಳ್ಳ, ರತ್ನಖಚಿತವಾದ ಚುಂಗಾಣಿಯೊಂದನ್ನು ಸಿದ್ಧಪಡಿಸಿ ಚಕ್ರವರ್ತಿಗೆ ಒಪ್ಪಿಸಿದನು. ಅಕ್ಬರನು ಕುತೂಹಲದಿಂದ ಸೇದಿ ನೋಡಿದನು. ಆಸ್ಥಾನದ ವೈದ್ಯನು ಒಡನೆಯೇ ತಡೆದನು. ತಮ್ಮ ವೈದ್ಯಗ್ರಂಥಗಳಲ್ಲಿ ಹೇಳಿಲ್ಲದ ವಸ್ತುವನ್ನು ಪರೀಕ್ಷಿಸದೆ ಬಳಸಲಾಗದೆಂಬುದು ಅವನ ವಾದ. ಚಕ್ರವರ್ತಿಗೆ ಅದು ರೂಢಿಯಾಗಲಿಲ್ಲ. ಆದರೆ ಅಸದ್ ಬೇಗನು ಸರದಾರರಿಗೆ ಹಂಚಿದ ತಂಬಾಕಿಗೆ ಬೇಡಿಕೆ ಹುಟ್ಟಿತು, ವರ್ತಕರು ಮಾರತೊಡಗಿದರು, ಚಟವು ಹರಡಿತು. 1617ರಲ್ಲಿ ಜಹಾಂಗೀರನು ಅದನ್ನು ನಿಷೇಧಿಸಬೇಕಾಯಿತು. ಆ ನಿಷೇಧವೂ ನಿಲ್ಲಲಿಲ್ಲ.

ಈ ವೃತ್ತಾಂತದಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದ ಸಂಗತಿಯೊಂದಿದೆ. ಬಿಜಾಪುರದ ಆ ತಂಬಾಕು ಒಂದೆಡೆ ಕಿಡಿ ತಗುಲಿದರೆ ತಾನಾಗಿಯೇ ಉರಿಯುತ್ತ ಹೋಗುವಂಥ ಒಣ ಎಲೆಯಾಗಿತ್ತು. ಮುಂದೆ ಹುಕ್ಕಾದಲ್ಲಿ ಬಳಕೆಗೆ ಬಂದುದು ಇದಲ್ಲ. ಕೆಂಡವನ್ನು ಮೇಲಿಟ್ಟಲ್ಲದೆ ಹೊಗೆಯಾಡದ, ಬೆಲ್ಲದಿಂದ ತೇವಗೊಂಡ ಕಪ್ಪು ಮುದ್ದೆ. ಹುಕ್ಕಾವನ್ನು ಕಂಡುಹಿಡಿದವನು ಅಕ್ಬರನ ವೈದ್ಯ ಹಕೀಮ್ ಅಬುಲ್ ಫತ್ ಗೀಲಾನಿ ಎಂಬ ಪ್ರತೀತಿಯುಂಟು. ಆದರೆ ಆತನು 1589ರಲ್ಲಿಯೇ ಮರಣಹೊಂದಿದ್ದನು. ತಂಬಾಕು ಆಸ್ಥಾನಕ್ಕೆ ಬಂದುದು ಅದಾದ ಸುಮಾರು ಹದಿನೈದು ವರ್ಷಗಳ ಮೇಲೆ. ಆದುದರಿಂದ ಈ ಪ್ರತೀತಿಯನ್ನು ಒಪ್ಪುವುದು ಕಷ್ಟ. ಒಣ ಎಲೆಯಿಂದ ಮುದ್ದೆಗೆ ಆದ ಈ ಮಾರ್ಪಾಟು ಒಬ್ಬ ಪಂಡಿತನ ಕಲ್ಪನೆಯಲ್ಲ, ಅನೇಕ ಕೈಗಳ ಅನುಭವದ ಫಲವೆಂದೇ ನಾವು ತಿಳಿಯುತ್ತೇವೆ.

ಈ ಮುದ್ದೆಗೆ ಗುಡಾಕು ಎಂದು ಹೆಸರು. ಗುಡವೆಂದರೆ ಬೆಲ್ಲ, ಬೆಲ್ಲ ಬೆರೆತ ತಂಬಾಕೇ ಗುಡಾಕು. ಅದನ್ನು ಮಾಡುವ ಕ್ರಮ ಸ್ಥೂಲವಾಗಿ ಹೀಗೆ: ಒಣಗಿದ ಎಲೆಯ ದಂಟನ್ನು ತೆಗೆದು, ಒರಳಿನಲ್ಲಿ ಕುಟ್ಟಿ ಪುಡಿಮಾಡಿ, ಬೆಲ್ಲವನ್ನೋ ಕಾಕಂಬಿಯನ್ನೋ ಹಾಕಿ ನಾದುವರು. ಬರಿಯ ಬೆಲ್ಲದಿಂದ ಆದುದು ಸಾಮಾನ್ಯರದು. ಅನುಕೂಲಸ್ಥರು ಏಲಕ್ಕಿ, ಲವಂಗ, ಗಂಧದ ಪುಡಿ, ಜಟಾಮಾಂಸಿ, ಗುಲಾಬಿಯ ಎಸಳು ಮೊದಲಾದುವನ್ನು ಕೂಡಿಸುವರು. ಕಳಿತ ಹಣ್ಣುಗಳನ್ನು ಸೇರಿಸಿ, ಗಡಿಗೆಯಲ್ಲಿಟ್ಟು ಬಾಯಿ ಮುಚ್ಚಿ, ಕೆಲಕಾಲ ಹುಳಿಯಲು ಬಿಟ್ಟುದು ಖಮೀರಾ. ಇದ್ದಿಲ ಪುಡಿಗೆ ಗಂಜಿ ಬೆರೆಸಿ ಉಂಡೆಕಟ್ಟಿ, ಅದರ ಕೆಂಡವನ್ನು ಚಿಲುಮೆಯ ಮೇಲಿಡುವ ಪದ್ಧತಿಯೂ ಇತ್ತು. ದೊಡ್ಡ ಮನೆಗಳಲ್ಲಿ ಇದಕ್ಕಾಗಿಯೇ ಹುಕ್ಕಾಬರದಾರನೆಂಬ ಆಳಿರುತ್ತಿದ್ದನು.

ಬೆಲ್ಲವು ರುಚಿಗಾಗಿ ಮಾತ್ರ ಸೇರಿದುದಲ್ಲ. ಅದು ತೇವವನ್ನು ಹಿಡಿದಿಡುತ್ತದೆ. ತಂಬಾಕು ಭಗ್ಗನೆ ಉರಿಯದೆ ಮೆಲ್ಲಗೆ ಕಾಯುವಂತೆ ಮಾಡುತ್ತದೆ. ನೆರಳಿನಲ್ಲಿಯೂ ಬಿಸಿಲಿನಲ್ಲಿಯೂ ಒಣಗಿಸಿದ ನಾಟಿ ಎಲೆಯಲ್ಲಿ ಸಕ್ಕರೆಯ ಅಂಶ ಕಡಿಮೆಯಾದ್ದರಿಂದ ಅದರ ಹೊಗೆ ಗಂಟಲನ್ನು ಕೆರೆಯುತ್ತದೆ. ಬೆಲ್ಲ ಸುಟ್ಟಾಗ ಹುಟ್ಟುವ ಆಮ್ಲಗಳು ಆ ಒರಟುತನವನ್ನು ತಗ್ಗಿಸುತ್ತವೆ. ಗಂಟಲು ಒಲ್ಲೆನೆನ್ನುವುದನ್ನು ಈ ಹದವು ಒಪ್ಪಿಸುತ್ತಿತ್ತು. ಹೊಗೆಯನ್ನು ಆಳವಾಗಿ ಎಳೆದುಕೊಳ್ಳುವುದು ಸುಲಭವಾಯಿತು. ನೀರಿನ ಮೂಲಕ ಬಂದ ಹೊಗೆ ತಂಪಾಗುತ್ತದೆಯೇ ಹೊರತು ಅದರ ವಿಷ ಕಳೆಯುವುದಿಲ್ಲ. ಅಕ್ಬರನ ವೈದ್ಯನ ಶಂಕೆಗೆ ನಮ್ಮ ಕಾಲದ ವೈದ್ಯಶಾಸ್ತ್ರವು ಆಧಾರವನ್ನು ಒದಗಿಸಿದೆ.

ಹದದೊಡನೆ ಪಾತ್ರೆಯೂ ಬೆಳೆಯಿತು. ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಕುಸುರಿಯನ್ನು ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪುಗೊಳಿಸುವ ಬೀದರಿನ ಕುಶಲಿಗಳು 17 ಮತ್ತು 18ನೆಯ ಶತಮಾನಗಳಲ್ಲಿ ಮಾಡಿದ ಹುಕ್ಕಾದ ತಳಪಾತ್ರೆಗಳು ಇಂದು ದೇಶವಿದೇಶಗಳ ವಸ್ತುಸಂಗ್ರಹಾಲಯಗಳಲ್ಲಿವೆ. ಬಡವನ ಪಾತ್ರೆ ತೆಂಗಿನ ಚಿಪ್ಪು. ಹುಕ್ಕಾಕ್ಕೆ ಬಂದ ನಾರ್ಗಿಲೆ ಎಂಬ ಇನ್ನೊಂದು ಹೆಸರು ತೆಂಗಿನಕಾಯಿಯದೇ. ಬೀದರಿನ ಪಾತ್ರೆ ಉಳಿದಿದೆ, ಚಿಪ್ಪು ಉಳಿದಿಲ್ಲ; ಆದ್ದರಿಂದಲೇ ಗುಡುಗುಡಿಯು ಕೇವಲ ಶ್ರೀಮಂತರ ಭೋಗವೆಂಬ ಭಾವನೆ ಬೆಳೆದಿದೆ.

ಲಿಖಿತ ಆಧಾರಗಳಲ್ಲಿಯೂ ಇಂಥದೇ ಏರುಪೇರುಂಟು. ಇದಕ್ಕೆ ಚಿತ್ರದುರ್ಗ ಸೀಮೆಯ ಒಂದು ನಿದರ್ಶನ ಸಾಕು. ಹೊಸದುರ್ಗ ತಾಲ್ಲೂಕಿನ ಮತ್ತೋಡು ಹಿಂದೆ ಪಾಳೆಯಗಾರರ ಠಾಣ್ಯ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಇಲ್ಲಿಗೆ ಬಂದು ಗಾಜಿನ ಬಳೆಯ ಕುಲುಮೆಗಳನ್ನು ಕಂಡು, ಆ ಕೆಲಸದ ವಿವರವನ್ನು ಬರೆದುಕೊಂಡನು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಗ್ರಂಥದಿಂದ ಮತ್ತೋಡಿನ ಬಳೆ ಚರಿತ್ರೆಯಲ್ಲಿ ಸೇರಿತು. ಬಳೆ ಮಾರಾಟದ ವಸ್ತು; ಅದರ ಕುಲುಮೆ ಬಯಲಿನಲ್ಲಿ ಕಾಣುವಂಥದು. ಅದೇ ಸೀಮೆಯ ತೆಂಗಿನ ಚಿಪ್ಪು, ಕುಂಬಾರನ ಚಿಲುಮೆ, ಅಡಿಗೆಮನೆಯ ಬೆಲ್ಲ ಇವು ಯಾವ ಅಧಿಕಾರಿಯ ಲೆಕ್ಕಕ್ಕೂ ಸೇರತಕ್ಕವಲ್ಲ. ಮಾರಿದುದು ದಾಖಲೆಯಾಯಿತು, ಮನೆಯಲ್ಲಿ ಬೆರೆಸಿದುದು ನೆನಪಾಗಿ ಮಾತ್ರ ಉಳಿಯಿತು.

ಈ ಮನೆಯ ಹದ ಅಳಿದುದು ಹೇಗೆ? ಐರೋಪ್ಯ ಅಧಿಕಾರಿಗಳು 19ನೆಯ ಶತಮಾನದ ನಡುವಿನ ವೇಳೆಗೆ ಹುಕ್ಕಾವನ್ನು ಬಿಟ್ಟು ಚುಟ್ಟಾಕ್ಕೆ ತಿರುಗಿದರು. 20ನೆಯ ಶತಮಾನದಲ್ಲಿ ಬೀಡಿಯೂ ಸಿಗರೇಟೂ ಹಳ್ಳಿಹಳ್ಳಿಗೆ ತಲುಪಿದುವು. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಬೆಳೆಯುವ ವರ್ಜೀನಿಯಾ ತಂಬಾಕನ್ನು ಬ್ಯಾರನ್‌ಗಳಲ್ಲಿ ಬಿಸಿಗಾಳಿಯಿಂದ ಹದಮಾಡುವಾಗ ಎಲೆಯ ಸಕ್ಕರೆ ಎಲೆಯಲ್ಲಿಯೇ ಉಳಿಯುತ್ತದೆ. ಮನೆಯಲ್ಲಿ ಬೆಲ್ಲ ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಬ್ಯಾರನ್ ವಹಿಸಿಕೊಂಡಿತು. ಮಿಕ್ಕುದನ್ನು ಕಾರ್ಖಾನೆ ವಹಿಸಿಕೊಂಡಿತು. ತಾನು ಸೇದುವುದರಲ್ಲಿ ಏನೇನು ಬೆರೆತಿದೆಯೆಂಬುದು ಮನೆಯವರಿಗೆ ತಿಳಿದಿದ್ದ ಕಾಲ ಹೋಗಿ, ಅದು ಕಾರ್ಖಾನೆಯ ಗುಟ್ಟಾದ ಕಾಲ ಬಂದಿತು.

21ನೆಯ ಶತಮಾನದಲ್ಲಿ ಹುಕ್ಕಾ ಮರಳಿ ಕಾಣಿಸಿಕೊಂಡಿತು. ಈ ಬಾರಿ ನಗರದ ಹುಕ್ಕಾ ಬಾರುಗಳಲ್ಲಿ, ಹಣ್ಣಿನ ಪರಿಮಳದ ಡಬ್ಬಿಗಳೊಡನೆ, ಹರೆಯದವರಿಗಾಗಿ. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹುಕ್ಕಾದ ಮಾರಾಟವನ್ನೂ ಸೇವನೆಯನ್ನೂ ನಿಷೇಧಿಸಿದಾಗ, ತಂಬಾಕಿಲ್ಲದ ಸುವಾಸಿತ ಮಿಶ್ರಣಗಳನ್ನೂ ಆ ಆಜ್ಞೆಯೊಳಗೆ ಸೇರಿಸಿತು. ಜಹಾಂಗೀರನು ತಡೆದುದು ಎಲೆಯನ್ನು. ನಾಲ್ಕು ಶತಮಾನಗಳ ಮೇಲೆ ಕಾನೂನು ಪರಿಮಳವನ್ನೂ ತಡೆಯಬೇಕಾಯಿತು. ಚಟಕ್ಕೆ ದಾರಿ ಮಾಡಿಕೊಟ್ಟುದು ಎಲೆಗಿಂತ ಹೆಚ್ಚಾಗಿ ಹದವೆಂಬ ನಮ್ಮ ಅಭಿಪ್ರಾಯಕ್ಕೆ ಇದು ಪುಷ್ಟಿಯನ್ನು ಕೊಡುತ್ತದೆ. ಈ ದೃಷ್ಟಿಯಿಂದ ಮನೆಯ ಪಾಕಗಳ ನೆನಪನ್ನು ಹಿರಿಯರಿಂದ ಕೇಳಿ ಬರೆದಿಡುವುದು ಕೇವಲ ಕುತೂಹಲದ ಕೆಲಸವಲ್ಲ. ತಮ್ಮ ತಮ್ಮ ಊರುಗಳಲ್ಲಿ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಈ ಸಂಗ್ರಹಕಾರ್ಯಕ್ಕೆ ಒರಳು, ಗಡಿಗೆ, ಚಿಲುಮೆಗಳ ಹೆಸರುಗಳನ್ನು ವಿಚಾರಿಸುವುದೇ ತಕ್ಕ ಮೊದಲ ಹೆಜ್ಜೆಯಾದೀತು.